ಗಡಿ ದಾಟಿಸಿದ ಗಾಡಿ

"ಅದನ್ನ ಮುಟ್ಟಬ್ಯಾಡ್ರಿ."

ಚನ್ನಗಿರಿಯ ರಸೂಲ್ ಸಾಹೇಬರ ಗುಜರಿ ಅಂಗಡಿಯ ಹಿತ್ತಲಿನಲ್ಲಿ ಮಂಡಿಯೂರಿ ಕೂತಿದ್ದವನು ತಲೆಯೆತ್ತಿ ನೋಡಿದ. ಅವನ ಸುತ್ತ ತುಕ್ಕು ಹಿಡಿದ ಪಂಪ್‌ಸೆಟ್ಟುಗಳು, ಕಾಲು ಮುರಿದ ಕುರ್ಚಿಗಳು, ಯಾವುದೋ ಬಸ್ಸಿನ ಬಾಗಿಲು. ಅವನ ಅಂಗೈ ಮಾತ್ರ ಒಂದು ಜಜ್ಜಿಹೋದ ನೀಲಿ ಬೈಕಿನ ಟ್ಯಾಂಕಿನ ಮೇಲಿತ್ತು, ಕಾಯಿಲೆ ಬಿದ್ದ ಎಮ್ಮೆಯ ಮೈ ಮುಟ್ಟಿ ನೋಡುವವರ ಹಾಗೆ.

ಗೇಟಿನಲ್ಲಿ ನಿಂತವಳಿಗೆ ಏದುಸಿರು. ಮೈಮೇಲೆ ಬಿಳಿ ಕೋಟು, ಕೋಟಿನ ಮೇಲೆ 'ಅಂತರಾ' ಎಂಬ ಹೆಸರಿನ ಪಟ್ಟಿ. ಬಸ್ ನಿಲ್ದಾಣದ ಹತ್ತಿರದ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಊಟದ ಬಿಡುವಿನಲ್ಲಿ ಕೋಟು ಬಿಚ್ಚುವಷ್ಟೂ ತಡೆಯದೆ ಓಡಿ ಬಂದಿದ್ದಳು.

"ಯಾಕ್ರಿ?" ಎಂದ ಅವನು.

"ಅದು ಕತ್ತರಿಸಾಕೆ ಇಟ್ಟಿರೋದು. ಇವತ್ತು ಕತ್ತರಿಸ್ತೀನಿ ಅಂದಿದ್ರು ಸಾಹೇಬರು."

"ಬೆಳಗ್ಗೆ ನಾನು ತಗೊಂಡೆ."

ರಸೂಲ್ ಸಾಹೇಬರು ಗಡ್ಡ ಕೆರೆದುಕೊಂಡು ದೂರದಿಂದಲೇ ಏನೋ ಸಮಜಾಯಿಷಿ ಹೇಳಿದರು. ಬಂದ ಗಿರಾಕಿಯನ್ನು ವಾಪಸ್ ಕಳಿಸಲಾಗಲಿಲ್ಲ, ಬೇಜಾರು ಮಾಡ್ಕೋಬ್ಯಾಡ ಬೇಟಿ, ಎಂದರು. ಅವಳಿಗೆ ಅದು ಕೇಳಿಸಲೇ ಇಲ್ಲ.

"ತಗೊಂಡು ಏನು ಮಾಡ್ತೀರಿ?"

"ರಿಪೇರಿ ಮಾಡಿ ಓಡಿಸ್ತೀನಿ."

ಅವಳಿಗೆ ನಗು ಬಂದುಬಿಟ್ಟಿತು, ಒಣ ನಗು. ಮುಂದಿನ ಚಕ್ರ ಹಿಂದಕ್ಕೆ ಮಡಚಿ ಎಂಜಿನ್ನಿಗೆ ತಗುಲಿಕೊಂಡಿತ್ತು. ಹೆಡ್‌ಲೈಟು ಒಂದೇ ಒಂದು ವೈರಿನಲ್ಲಿ ಜೋತಾಡುತ್ತಿತ್ತು. ಹರಿದ ಸೀಟಿನ ಸ್ಪಂಜಿನಲ್ಲಿ ಗರಿಕೆ ಬೆಳೆದಿತ್ತು.

"ಅದು ಮನುಷ್ಯನ್ನ ಕೊಂದ ಗಾಡಿ ಕಣ್ರಿ. ನನ್ನ ಗಂಡನ್ನ."

ಅವನು ಟ್ಯಾಂಕಿನ ಮೇಲಿಂದ ಕೈ ತೆಗೆದ. ಎದ್ದು ನಿಂತ. ಸಮಾಧಾನದ ಮಾತೆಂದುಕೊಂಡೇ ಹೇಳಿದ.

"ಗಾಡಿ ಯಾರನ್ನೂ ಕೊಲ್ಲಲ್ಲ ಬಿಡ್ರಿ."

ಅವಳ ಮುಖದ ಕಳೆ ಒಂದೇ ಕ್ಷಣದಲ್ಲಿ ಇಳಿದುಹೋಯಿತು.

ಗಾಡಿ ಕೊಲ್ಲುವುದಿಲ್ಲ... ಹಾಗಾದರೆ ಯಾರು?

*

ಅವಳ ಪೂರ್ತಿ ಹೆಸರು ಅಂತರಘಟ್ಟಮ್ಮ. ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಹುಟ್ಟಿದವಳು. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಗೆ ಸೊಸೆಯಾಗಿ ಬಂದಳು. ಗಂಡ ಕೆಂಚೇಶ್ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಗುಮುಖದವನು, ಅವಸರದವನು, ಯಾವ ತಿರುವಿನಲ್ಲೂ ಹಾರ್ನ್ ಬಾರಿಸದವನು.

ಆ ನೀಲಿ ಬೈಕು ಆ ಮನೆಗೆ ಬಂದ ಮೊದಲ ಹೊಸ ಗಾಡಿ. ಬಂದ ವರ್ಷದ ಆಯುಧಪೂಜೆ. ಬಾವಿಕಟ್ಟೆಯ ಪಕ್ಕ ನಿಲ್ಲಿಸಿ ಅಂತರಾ ಅದನ್ನು ಉಜ್ಜಿ ಉಜ್ಜಿ ತೊಳೆದಿದ್ದಳು. ಟ್ಯಾಂಕಿಗೆ ವಿಭೂತಿ, ಹ್ಯಾಂಡಲ್‌ಗೆ ಚೆಂಡುಹೂವು, ಚಕ್ರದ ಕೆಳಗೆ ನಿಂಬೆಹಣ್ಣು. ಕುಂಕುಮ ಉದುರಿಹೋಗಬಾರದೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿಕೊಂಡಿದ್ದಳು.

ಅತ್ತೆ ಮೂಕಮ್ಮ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಮುಂದಿನ ಚಕ್ರದ ಪಕ್ಕದಲ್ಲಿ ಕನ್ನಡಿಯ ಹಾಗೆ ಹೊಳೆಯುವ ಉಕ್ಕಿನ ತಟ್ಟೆಯೊಂದಿತ್ತು. ಮಾವನ ಕಾಲದ ಹಳೆಯ ಗಾಡಿಯಲ್ಲಿ ಅಂಥದ್ದು ಇರಲಿಲ್ಲ. "ಆ ಬೆಳ್ಳಿ ತಟ್ಟೆಗೂ ಚೆನ್ನಾಗಿ ಹಚ್ಚವ್ವ, ಅದೇ ನೋಡು ಗಾಡಿಗೆ ಲಕ್ಷಣ," ಎಂದರು ಮೂಕಮ್ಮ.

ಅವಳು ಹಚ್ಚಿದಳು. ಎರಡೂ ಕಡೆ, ದುಂಡಗೆ, ಬೆರಳು ತುಂಬ.

ಮಾರನೆಯ ದಿನ ಬನ್ನಿಹಬ್ಬ. ನೆಂಟರಿಗೆ ಬನ್ನಿ ಕೊಟ್ಟು ಬರುತ್ತೇನೆಂದು ಹೊರಟ ಕೆಂಚೇಶ್ ಊರ ಹೊರಗಿನ ತಿರುವಿನಲ್ಲಿ ನಿಂತಿದ್ದ ಮೆಕ್ಕೆಜೋಳದ ಟ್ರೇಲರ್‌ಗೆ ಹೊಡೆದ. ಜೇಬಿನ ತುಂಬ ಬನ್ನಿ ಎಲೆ ಇತ್ತಂತೆ.

ತಿರುವಿನಲ್ಲಿ ಟ್ರೇಲರ್ ನಿಲ್ಲಿಸಿದ್ದು ತಪ್ಪು ಎಂದರು ಪೊಲೀಸರು. ಹುಡುಗ ಜೋರಾಗಿದ್ದ ಎಂದಿತು ಊರು. ಹಣೆಬರಹ ಎಂದರು ಮೂಕಮ್ಮ. ಮನೆಯ ಹಿರಿಯರು ಮಾತ್ರ ಗಾಡಿಯನ್ನೇ ದೂರಿದರು. ಮಾರಿಯನ್ನು ಸಾಗಿಸುವ ಹಾಗೆ ಇದನ್ನೂ ಗಡಿ ದಾಟಿಸಿ, ನಮ್ಮ ತಾಲ್ಲೂಕಿನ ಮಣ್ಣಲ್ಲಿ ಇರಕೂಡದು, ಎಂದರು. ಕೇಸು ಮುಗಿಯುವವರೆಗೆ ಠಾಣೆಯ ಮುಂದೆ ಮಳೆ ಬಿಸಿಲಲ್ಲಿ ನಿಂತಿದ್ದ ಬೈಕು, ಆಮೇಲೆ ಲಗೇಜ್ ಆಟೋದಲ್ಲಿ ಚನ್ನಗಿರಿಯ ಗುಜರಿಗೆ ಹೋಯಿತು.

ಅವಳೂ ಹೆಚ್ಚುಕಡಿಮೆ ಹಾಗೇ ಚನ್ನಗಿರಿಗೆ ಬಂದಳು. ಅವಳನ್ನು ಯಾರೂ ದಾಟಿಸಲಿಲ್ಲ, ತಾನೇ ದಾಟಿದಳು.

ಮುಂದಿನ ವರ್ಷದ ಆಯುಧಪೂಜೆಯ ಹಿಂದಿನ ದಿನ ಲ್ಯಾಬಿನ ವಾಟ್ಸಾಪ್ ಗುಂಪಿಗೊಂದು ವಿಡಿಯೋ ಬಂತು. ಮೆಕ್ಯಾನಿಕ್ ಒಬ್ಬ ನಗುತ್ತ ಹೇಳುತ್ತಿದ್ದ: ಡಿಸ್ಕಿಗೆ, ಅಂದ್ರೆ ಮುಂದಿನ ಚಕ್ರದ ಆ ಹೊಳೆಯೋ ತಟ್ಟೆಗೆ, ಎಣ್ಣೆ, ಕುಂಕುಮ ಹಚ್ಚಬೇಡಿ ಅಮ್ಮಂದಿರೇ, ಬ್ರೇಕು ಹಿಡಿಯೋದು ಅದನ್ನೇ, ಜಾರಿದ್ರೆ ಗಾಡಿ ನಿಲ್ಲಲ್ಲ. ಕೆಳಗೆ ಸಾಲುಸಾಲು ನಗುವ ಮುಖಗಳು.

ಎರಡು ರಕ್ತದ ಮಾದರಿಗಳ ನಡುವೆ, ನಿಂತಲ್ಲೇ, ಅವಳು ಅದನ್ನು ನೋಡಿದಳು.

ಯಾರಿಗೆ ಹೇಳುವುದು? ಹೇಳಿದರೆ ಮೂಕಮ್ಮನ ಕಿವಿಗೆ ಬೀಳುತ್ತದೆ. 'ಹಚ್ಚವ್ವ' ಎಂದವರು ಅವರು. ಮಗನನ್ನು ಕಳೆದುಕೊಂಡ ತಾಯಿಗೆ, ನಿಮ್ಮ ಮಾತೇ ಅವನನ್ನು ಕೊಂದಿತು ಎಂದು ಹೇಳುವುದು ಹೇಗೆ?

ಅದಕ್ಕೇ ಆ ಬೈಕು ಚೂರುಚೂರಾಗಿ ಕರಗಿಹೋಗಬೇಕಿತ್ತು. ಆದರೆ... ಅದಕ್ಕಿಂತ ಮೊದಲು ಒಮ್ಮೆ, ಒಂದೇ ಒಂದು ಸಲ, ಆ ಬ್ರೇಕು ಬಿಚ್ಚಿ ನೋಡಬೇಕು ಅನ್ನಿಸುತ್ತಿತ್ತು. ಎರಡೂ ಆಸೆಗಳು ಅವಳೊಳಗೆ ಒಂದನ್ನೊಂದು ತಿನ್ನುತ್ತಿದ್ದವು.

*

"ನಿಮಗೆ ಬ್ಯಾಡ ಅಂದ್ರೆ ಇಲ್ಲೇ ಬಿಟ್ಟು ಹೋಗ್ತೀನಿ," ಎಂದಿದ್ದ ಗುಜರಿಯಲ್ಲಿ ಆ ಮನುಷ್ಯ. ಅವನ ಹೆಸರು ಮಾರುತೇಶ್. ನ್ಯಾಮತಿಯಲ್ಲಿ ಫ್ಲೆಕ್ಸ್ ಬ್ಯಾನರ್ ಪ್ರಿಂಟ್ ಮಾಡುವ ಅಂಗಡಿ ಅವನದು.

ಕತ್ತರಿಸಿ ಎನ್ನಲು ಓಡಿ ಬಂದವಳ ಬಾಯಿಂದ ಬೇರೆಯೇ ಮಾತು ಹೊರಟಿತು.

"ತಗೊಂಡು ಹೋಗ್ರಿ. ಬಿಚ್ಚುವಾಗ ನಾನು ಇರಬೇಕು. ಅಷ್ಟೇ."

ಹೀಗೆ ಅವಳ ಭಾನುವಾರಗಳು ಶುರುವಾದವು. ಚನ್ನಗಿರಿಯಿಂದ ಹೊನ್ನಾಳಿಗೆ ಒಂದು ಬಸ್ಸು, ಹೊನ್ನಾಳಿಯಿಂದ ನ್ಯಾಮತಿಗೆ ಇನ್ನೊಂದು. ಸಾಸ್ವೆಹಳ್ಳಿಯ ಕಡೆಗೆ ತಿರುಗುವ ರಸ್ತೆ ಬಂದಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮಾರುತೇಶನ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೈಕು ಒಂದೊಂದೇ ಅಂಗವಾಗಿ ಬಿಚ್ಚಿಕೊಳ್ಳುತ್ತಿತ್ತು. ಅವನಿಗೆ ಕೆಲಸ ಗೊತ್ತಿರಲಿಲ್ಲ. ಫೋನನ್ನು ಇಟ್ಟಿಗೆಗೆ ಒರಗಿಸಿ ವಿಡಿಯೋ ನೋಡುತ್ತ ಬಿಚ್ಚುತ್ತಿದ್ದ, ತಪ್ಪುತ್ತಿದ್ದ, ವಾಪಸ್ ಜೋಡಿಸುತ್ತಿದ್ದ. ಮಳೆನೀರು ಇಳಿದು ಪಿಸ್ಟನ್ ಕಚ್ಚಿಕೊಂಡಿತ್ತು. ಅದರ ಮೇಲೆ ಡೀಸೆಲ್ ಹೊಯ್ದು ವಾರಗಟ್ಟಲೆ ಕಾದ. ಅಂತರಾ ಒಂದು ಮೂಲೆಯಲ್ಲಿ ಕೂತು ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಳೆಯ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದಳು.

ಅವನ ತಾಯಿ ದುರುಗಕ್ಕ ಚಹಾ ತಂದಾಗಲೆಲ್ಲ ಒಂದು ಕುಟುಕು ತರುತ್ತಿದ್ದರು. ಮಗ ಹಿಡಿದ ಕೆಲಸ ಯಾವುದನ್ನೂ ಮುಗಿಸಿದವನಲ್ಲವಂತೆ. ಡಿಗ್ರಿ ಅರ್ಧ, ಈಜು ಅರ್ಧ, ತಬಲಾ ಅರ್ಧ.

"ಹೆಣ್ಣು ನೋಡಾಕೆ ಹೋದಾಗಲೂ ಅರ್ಧ ಚಹಾ ಕುಡಿದು ಎದ್ದು ಬಂದಾನೆ ಕಣವ್ವ. ನೀನು ಮುಂದೆ ಕೂತಾಗ ಮಾತ್ರ ಕೈ ಓಡ್ತೈತೆ. ದಿನಾ ಬಾ."

ಮಾರುತೇಶ್ ತಲೆ ಎತ್ತದೆ ಸ್ಪ್ಯಾನರ್ ತಿರುಗಿಸುತ್ತಿದ್ದ. ಕಿವಿ ಕೆಂಪಾಗುತ್ತಿದ್ದವು.

ಒಂದು ಭಾನುವಾರ ಅವಳು ಕೇಳಿದಳು, ಇಷ್ಟು ಕಷ್ಟಪಡುವ ಬದಲು ಒಳ್ಳೆಯ ಗಾಡಿಯನ್ನೇ ತೆಗೆದುಕೊಳ್ಳಬಹುದಿತ್ತಲ್ಲ ಎಂದು.

ಅವನು ಯೋಚಿಸಿ ಹೇಳಿದ. ಅವನು ಮಾಡಿದ್ದು ಯಾವುದೂ ಉಳಿಯುವುದಿಲ್ಲವಂತೆ. ಹುಟ್ಟುಹಬ್ಬದ ಬ್ಯಾನರು, ಶ್ರದ್ಧಾಂಜಲಿ ಬ್ಯಾನರು ಎಲ್ಲ ಒಂದೇ ಅಳತೆ, ಬರೀ ಫೋಟೋ ಬದಲು. ಸ್ವಲ್ಪ ದಿನಕ್ಕೆ ಇಳಿಸಿ ಯಾರೋ ಕೋಳಿಗೂಡಿಗೆ ಹೊದಿಸುತ್ತಾರೆ. "ನಾನು ಮಾಡಿದ್ದು ಒಂದಾದ್ರೂ ಓಡಾಡೋದು ನೋಡಬೇಕು ಅನ್ನಿಸ್ತು. ಅಷ್ಟೇರಿ."

ಅಂತರಾ ಕೈಯಲ್ಲಿದ್ದ ಬೋಲ್ಟನ್ನು ಬಹಳ ಹೊತ್ತು ಒರೆಸಿದಳು. ಆಮೇಲೆ, ಯಾರಿಗೂ ಹೇಳದ ಒಂದು ವಿಷಯ ಹೇಳಿದಳು.

ಕೆಂಚೇಶನ ಶ್ರದ್ಧಾಂಜಲಿ ಫ್ಲೆಕ್ಸನ್ನು ಊರಿನ ಯಾರೋ ಮೆಕ್ಕೆಜೋಳದ ರಾಶಿಗೆ ಹೊದಿಸಿದ್ದರು. ಮಳೆ ಬಂದು ನಿಂತಿತ್ತು. ಅವಳು ಆ ದಾರಿಯಲ್ಲಿ ಹೋಗುವಾಗ ನೋಡಿದಳು. ಗಂಡನ ಮುಖ ತಲೆಕೆಳಗಾಗಿ ಮಲಗಿತ್ತು, ಹಣೆಯ ಮೇಲೆ ಒಂದು ಕಲ್ಲು, ಗಲ್ಲದ ಮೇಲೆ ಒಂದು ಕಲ್ಲು. ಕಣ್ಣಿನ ಗುಳಿಯಲ್ಲಿ ನೀರು ನಿಂತಿತ್ತು.

"ನಾನು ಕಲ್ಲು ತೆಗೀಲಿಲ್ಲ ಕಣ್ರಿ. ತೆಗೆದ್ರೆ ಜೋಳ ನೆನೆಯುತ್ತೆ ಅನ್ನಿಸ್ತು. ಅಂಥಾ ಹೆಂಗಸು ನಾನು."

ಅವನು 'ಅಯ್ಯೋ' ಅನ್ನಲಿಲ್ಲ, 'ಅಳಬೇಡಿ' ಅನ್ನಲಿಲ್ಲ. ಸ್ಪ್ಯಾನರ್ ಕೆಳಗಿಟ್ಟ. ತಗಡಿನ ಮೇಲೆ ಕಾಗೆ ನಡೆಯುವ ಸದ್ದು ಕೇಳುತ್ತಿತ್ತು. ಕೊನೆಗೆ ಅವನು ತೊಳೆದಿಟ್ಟ ಬೋಲ್ಟುಗಳಲ್ಲಿ ಒಂದನ್ನು ತೆಗೆದುಕೊಂಡು ಮತ್ತೆ ಅವಳ ಕೈಗೆ ಕೊಟ್ಟ. ಇನ್ನೂ ಸ್ವಲ್ಪ ತುಕ್ಕಿದೆ ಎಂದ. ತುಕ್ಕು ಇರಲಿಲ್ಲ.

ಅಂದು ವಾಪಸ್ ಬರುವಾಗ ಬಸ್ಸಿನ ಕಿಟಕಿಯಲ್ಲಿ ಅವಳಿಗೆ ತನ್ನದೇ ಮುಖ ಕಂಡಿತು. ಎಷ್ಟೋ ಕಾಲದ ಮೇಲೆ ನೋಡಿದ ಹಾಗಿತ್ತು.

ಅಲ್ಲಿಂದ ಮುಂದೆ ಗುರುವಾರವೇ ಭಾನುವಾರದ ನೆನಪಾಗತೊಡಗಿತು. ನಾಚಿಕೆಯೂ ಜೊತೆಗೇ ಬರುತ್ತಿತ್ತು. ಗಂಡನ ಸಾವಿಗೆ ಸಾಕ್ಷಿ ಹುಡುಕಲು ಹೊರಟವಳು ಯಾವ ಬಣ್ಣದ ಚೂಡಿದಾರ್ ಹಾಕಲಿ ಎಂದು ಯೋಚಿಸುತ್ತಾಳೆಯೇ?

ಮುಂದಿನ ಚಕ್ರ ಯಾವಾಗ ಬಿಚ್ಚುತ್ತೀರಿ ಎಂದು ಒಮ್ಮೆ, ಏನೂ ಅಲ್ಲವೆಂಬಂತೆ, ಕೇಳಿದ್ದಳು. ಅದು ಕೊನೆಗೆ, ಶಿವಮೊಗ್ಗದಿಂದ ಚಕ್ರ ಹಿಡಿಯೋ ಬೇರೆ ಫೋರ್ಕು ಬರಬೇಕು ಎಂದ. ಅವಳು ಹ್ಞೂಂ ಎಂದಳು. ಕೊನೆ ಎನ್ನುವುದು ಬೇಗ ಬರಲಿ ಅನ್ನಿಸುತ್ತಿತ್ತು... ಬರದೇ ಇರಲಿ ಅಂತಲೂ.

ಅವಳು ಎಂದೂ ಆ ಬೈಕಿನ ಮುಂಭಾಗಕ್ಕೆ ಬಂದು ನಿಲ್ಲುತ್ತಿರಲಿಲ್ಲ. ಅದನ್ನು ಮಾರುತೇಶ್ ಗಮನಿಸಿದ್ದ. ಅವನು ಗಮನಿಸಿದ್ದು ಅವಳಿಗೆ ಗೊತ್ತಿರಲಿಲ್ಲ.

*

ಶಿವರಾತ್ರಿಯ ಹಿಂದಿನ ವಾರ ಅವನೇ ಫೋನ್ ಮಾಡಿದ. ಈ ಭಾನುವಾರ ತಪ್ಪಿಸಬ್ಯಾಡ್ರಿ ಎಂದ. ದನಿಯಲ್ಲಿ ಹುಡುಗುತನ ಇತ್ತು.

ಅವಳು ಶೆಡ್ಡಿನ ಬಾಗಿಲಿಗೆ ಬಂದು ನಿಂತಾಗ, ಬೈಕು ತನ್ನ ಕಾಲ ಮೇಲೆ ತಾನು ನಿಂತಿತ್ತು. ಟ್ಯಾಂಕಿನ ತಗ್ಗು ತಗ್ಗಾಗಿಯೇ ಇತ್ತು. ಹೆಡ್‌ಲೈಟು ಬೇರೆ ಯಾವುದೋ ಗಾಡಿಯದು. ಆದರೂ ಅದೊಂದು ಬೈಕಾಗಿತ್ತು. ಅವನು ಕಿಕ್ ಹೊಡೆದ, ಹೊಡೆದ, ಮತ್ತೂ ಹೊಡೆದ. ಕೆಮ್ಮಿ, ಹೊಗೆ ಉಗುಳಿ, ಎಂಜಿನ್ ಹಿಡಿಯಿತು.

ಅದೇ ಸದ್ದು. ಸಂಜೆ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದ ಸದ್ದು. ಆದರೆ ಅವಳು ನೋಡುತ್ತಿದ್ದದ್ದು ಕೆಂಚೇಶನ ನೆನಪನ್ನಲ್ಲ, ಮಾರುತೇಶನ ಮುಖವನ್ನು. ಬೆವರು, ಮಸಿ, ಬಾಯಿ ತುಂಬ ನಗು. ಅದನ್ನು ಕಂಡು ತನಗೂ ನಗು ಬರುತ್ತಿದೆ ಎಂದು ಅವಳಿಗೆ ಅರಿವಾದದ್ದು, ನಕ್ಕ ಮೇಲೆ.

ದುರುಗಕ್ಕ ಆರತಿ ತಟ್ಟೆ ಹಿಡಿದು ಬಂದರು. ಕಾಯಿ ಒಡೆದರು. ಕುಂಕುಮದ ಬಟ್ಟಲನ್ನು ಅಂತರಾಳ ಕೈಗೆ ಕೊಟ್ಟರು. "ನಿನ್ನ ಕೈಯಿಂದಲೇ ಆಗಲಿ ಕಣವ್ವ. ಹಚ್ಚು, ಮುಂದಿನ ಚಕ್ರದಿಂದ ಶುರು ಮಾಡು."

"ಡಿಸ್ಕಿಗೆ ಬ್ಯಾಡ."

ಮಾರುತೇಶನ ಮಾತು ಚಾಟಿಯ ಹಾಗೆ ಬಂತು. ಅವನು ಎಂಜಿನ್ ಆಫ್ ಮಾಡಿದ. ಅಂತರಾಳನ್ನು ನೋಡಿದ, ನೋಡಿದ್ದೇ ತಪ್ಪಾಯಿತೆಂಬಂತೆ ಮುಖ ತಿರುಗಿಸಿದ.

ಅಷ್ಟು ಸಾಕಾಗಿತ್ತು.

ಅವಳು ಮೊದಲ ಬಾರಿಗೆ ಬೈಕಿನ ಮುಂಭಾಗಕ್ಕೆ ಬಂದು ನಿಂತಳು. ಡಿಸ್ಕು ಹೊಸದು. ಅದನ್ನು ಎರಡು ಕಡೆಯಿಂದ ಕಚ್ಚಿಹಿಡಿಯುವ ಬ್ರೇಕಿನ ಪ್ಯಾಡುಗಳೂ ಹೊಸವು.

"ಹಳೇವು ಎಲ್ಲಿ?"

"ಬಿಸಾಕಿದೆ."

"ಎಲ್ಲಿಗೆ?"

"ಹೊನ್ನಾಳಿ ಸೇತುವೆ ಮೇಲಿಂದ... ಹೊಳೆಗೆ."

ಗುಜರಿಗೆ ಹೋಗುವ ಕಬ್ಬಿಣವನ್ನು ಯಾರಾದರೂ ತುಂಗಭದ್ರೆಗೆ ಎಸೆಯುತ್ತಾರೆಯೇ?

"ಕೆಂಪಿತ್ತಾ?"

ದುರುಗಕ್ಕ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತ ನಿಂತರು. ಮಾರುತೇಶ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ.

"ಇಲ್ಲ. ಬರೀ ಮಣ್ಣು, ತುಕ್ಕು."

"ನನ್ನ ನೋಡಿ ಹೇಳ್ರಿ."

ಅವನು ನೋಡಲಿಲ್ಲ.

ಅವಳು ಕುಂಕುಮದ ಬಟ್ಟಲನ್ನು ದುರುಗಕ್ಕನ ಕೈಗೆ ವಾಪಸ್ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು, ಬಸ್ ನಿಲ್ದಾಣದ ಕಡೆ ನಡೆದಳು. ಹಿಂದಿನಿಂದ ಅವನು ಹೆಸರು ಹಿಡಿದು ಕರೆದ. ಅವಳು ತಿರುಗಲಿಲ್ಲ.

ಬಸ್ಸಿನಲ್ಲಿ ಒಂದೇ ಮಾತು ತಲೆಯೊಳಗೆ ತಿರುಗುತ್ತಿತ್ತು. ಅದು ನನ್ನದಾಗಿತ್ತು. ಎಷ್ಟೇ ಕೆಟ್ಟದ್ದಾಗಿರಲಿ, ಅದೊಂದು ನನ್ನದಾಗಿತ್ತು. ಅದನ್ನು ಹೊಳೆಗೆ ಎಸೆಯಲು ಇವನಾರು? ಊರವರ ಹಾಗೆ ಇವನೂ ನನ್ನನ್ನು ನೋಡಿ ಅಯ್ಯೋ ಪಾಪ ಅಂದುಕೊಂಡನೇ?

ಎಲ್ಲರೂ ಕರುಣೆ ತೋರಿಸಿದ್ದರು. ಅವಳಿಗೆ ಸಾಕಾಗಿತ್ತು.

*

ಆಮೇಲಿನ ದಿನಗಳು ಒಂದರ ಹಾಗೆ ಇನ್ನೊಂದು ಬಂದವು. ಮಾರುತೇಶನ ಫೋನುಗಳನ್ನು ಅವಳು ಎತ್ತಲಿಲ್ಲ. ಆಮೇಲಾಮೇಲೆ ಅವೂ ನಿಂತವು. ನಿಂತದ್ದಕ್ಕೆ ಎದೆ ಕಿವುಚಿತು. ಎದೆ ಕಿವುಚಿದ್ದಕ್ಕೆ ಸಿಟ್ಟು ಬಂತು.

ಲ್ಯಾಬಿನಲ್ಲಿ ಅವಳ ಕೈ ತಪ್ಪತೊಡಗಿತು. ಮುದುಕರೊಬ್ಬರ ನರ ಸಿಗದೆ ಮತ್ತೆ ಮತ್ತೆ ಚುಚ್ಚಿದಳು, ತೋಳು ನೀಲಿಗಟ್ಟಿತು. ಪರವಾಗಿಲ್ಲ ಮಗಳೇ, ಎಂದರು ಅವರು. ಅವಳು ಒಳಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತಳು.

ಒಂದು ಭಾನುವಾರ, ಹೋಗಲು ಬೇರೆ ಕಡೆ ಇಲ್ಲದೆ, ಸಾಸ್ವೆಹಳ್ಳಿಗೆ ಹೋದಳು. ಮೂಕಮ್ಮ ಸೆರಗಿನಿಂದ ಮಗನ ಫೋಟೋ ಒರೆಸುತ್ತಿದ್ದರು. ಸೊಸೆಯನ್ನು ಹತ್ತಿರ ಕೂರಿಸಿಕೊಂಡು ಅವಳ ಅಂಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಇನ್ನೊಂದು ಮದುವೆ ಮಾಡ್ಕೊಳ್ಳವ್ವ. ನನಗೇನೂ ಬೇಜಾರಿಲ್ಲ. ನಿನ್ನ ಕೈಗುಣ ಒಳ್ಳೇದು. ಯಾರ ಮನೇಗೆ ಹೋದ್ರೂ ಬೆಳಕಾಗ್ತೈತೆ."

ಕೈಗುಣ.

ಈಗ ಹೇಳಿಬಿಡಲೇ? ಹೇಳಿ ಹಗುರಾಗಲೇ? ಮೂಕಮ್ಮನ ಹೆಬ್ಬೆರಳು ಅವಳ ಅಂಗೈಯ ಗೆರೆಗಳ ಮೇಲೆ ಮೆಲ್ಲಗೆ ಓಡಾಡುತ್ತಿತ್ತು. ತಾನು ಹಗುರಾದರೆ ಆ ಭಾರ ಹೋಗಿ ಬೀಳುವುದು ಈ ಹೆಬ್ಬೆರಳಿನ ಮೇಲೆ.

ಹ್ಞೂಂ ಅತ್ತೆ, ಎಂದಳು. ನೋಡೋಣ, ಎಂದಳು.

ವಾಪಸ್ ಬರುವಾಗ ಅವಳಿಗೆ ಖಚಿತವಾಯಿತು. ಈ ಲೋಕದಲ್ಲಿ ತಾನು ಇದನ್ನು ಹೇಳಬಹುದಾದವನು ಒಬ್ಬನೇ ಇದ್ದ. ಅವನೇ ಸುಳ್ಳು ಹೇಳಿದ.

*

ಆ ಬೆಳಿಗ್ಗೆ ಲ್ಯಾಬಿನ ಬೆಂಚು ತುಂಬಿತ್ತು. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಬಂದವರ ಸಾಲು. ಅವಳು ತಲೆ ಎತ್ತದೆ ಮುಂದಿನವರನ್ನು ಕರೆದಳು. ಮುಂದಿನವನು ಬಂದು ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿದ.

ಉಗುರಿನ ಸಂದಿಯಲ್ಲಿ ಗ್ರೀಸು.

ಅವಳು ತಲೆ ಎತ್ತಿದಳು. ಮಾರುತೇಶ್ ಸೊರಗಿದ್ದ.

"ಏನಾಗೈತೆ ನಿಮಗೆ?" ದನಿ ಬೇಕೆಂದಷ್ಟು ಗಟ್ಟಿಯಾಗಿ ಬರಲಿಲ್ಲ.

"ಗೊತ್ತಿಲ್ಲ. ಡಾಕ್ಟರು ಬರೆದಿಲ್ಲ. ನಾನೇ ದುಡ್ಡು ಕಟ್ಟಿ ಚೀಟಿ ಮಾಡಿಸ್ದೆ. ಫೋನ್ ಎತ್ತಲ್ವಲ್ಲ ನೀವು."

"ಹಿಂದೆ ಜನ ಕಾಯ್ತಾ ಅದಾರೆ."

"ರಕ್ತ ತೆಗೆಯೋಷ್ಟು ಹೊತ್ತು ಸಾಕು ನನಗೆ."

ಅವಳು ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ಬೆರಳಿನಿಂದ ನರ ಹುಡುಕಿದಳು. ಅವನ ಚರ್ಮ ಬೆಚ್ಚಗಿತ್ತು. ಇಷ್ಟು ಭಾನುವಾರಗಳಲ್ಲಿ ಅವಳು ಅವನನ್ನು ಮುಟ್ಟಿದ್ದು ಇದೇ ಮೊದಲು.

ಸೂಜಿ ಒಳಗೆ ಹೋಯಿತು. ಅವನು ಈ ಸಲ ಅವಳ ಮುಖವನ್ನೇ ನೋಡುತ್ತಿದ್ದ.

"ಕೆಂಪಿತ್ತು," ಎಂದ.

ಅವಳ ಕೈ ಅಲುಗಲಿಲ್ಲ. ಕೊಳವೆಯಲ್ಲಿ ರಕ್ತ ಏರುತ್ತಿತ್ತು.

"ಪ್ಯಾಡಿನ ಸೀಳಿನಲ್ಲಿ ಎಣ್ಣೆ ಜಿಡ್ಡು ಹಂಗೇ ಇತ್ತು, ಒಳಗೆಲ್ಲ ಕುಂಕುಮ. ನೋಡಿದ ತಕ್ಷಣ ಗೊತ್ತಾತು ನನಗೆ, ನೀವು ಯಾಕೆ ಆ ಕಡೆ ನಿಲ್ಲಲ್ಲ ಅಂತ. ಅದರಿಂದಲೇ ಆತೋ, ಅವರ ಜೋರಿಂದ ಆತೋ, ಆ ಟ್ರೇಲರ್‌ನಿಂದ ಆತೋ... ಅದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲ ಅದು. ಆದ್ರೆ ಕೆಂಪಿತ್ತು. ಇಲ್ಲ ಅಂದಿದ್ದು ಸುಳ್ಳು."

"ನನ್ನ ಮೇಲೆ ಕರುಣೆ ಬಂತೇನ್ರಿ?"

"ಇಲ್ಲ. ಭಯ ಆತು. ನೀವು ಬರ್ತಿದ್ದದ್ದು ಅದನ್ನ ನೋಡಾಕೆ. ನೋಡಿಬಿಟ್ರೆ ಮುಂದಿನ ಭಾನುವಾರ ಯಾಕೆ ಬರ್ತೀರಿ? ಅದಕ್ಕೇ ಹೊಳೆಗೆ ಹಾಕ್ದೆ. ನಿಮ್ಮ ಸಲುವಾಗಿ ಅಲ್ಲ. ನನ್ನ ಸಲುವಾಗಿ."

ಅವಳು ಸೂಜಿ ಹೊರತೆಗೆದಳು. ಕೊಳವೆಯನ್ನು ಸ್ಟ್ಯಾಂಡಿನಲ್ಲಿಟ್ಟಳು. ಅದರ ಮೇಲೆ ಅವನ ಹೆಸರು ಬರೆಯಬೇಕಿತ್ತು, ಪೆನ್ನು ಹಿಡಿದವಳು ಬರೆಯಲಿಲ್ಲ.

ಎಷ್ಟು ಕಾಲವಾಯಿತು, ಯಾರಾದರೂ ಅವಳನ್ನು ಪಾಪ ಎನ್ನದೆ, ಬೇಕು ಎಂದು?

ಆದರೂ ಸಂತೋಷವಾಗಲಿಲ್ಲ. ಒಳಗೆ ಏನೋ ಕೊನೆಗೂ ಮುರಿದು ನೆಲಕ್ಕೆ ಬಿತ್ತು, ಅಷ್ಟೇ. ಕೆಂಪಿತ್ತು. ಈಗ ಅದು ಅನುಮಾನವಲ್ಲ.

"ಹಚ್ಚು ಅಂದವರು ನಮ್ಮ ಅತ್ತೆ," ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ. "ಅವರಿಗೆ ಗೊತ್ತಿಲ್ಲ. ಗೊತ್ತಾಗಬಾರದು. ಅವರು ಇರೋತನಕ."

"ಗೊತ್ತಾಗಲ್ಲ."

"ಇದು ಹೋಗಲ್ಲ ಕಣ್ರಿ. ಏನು ಮಾಡಿದ್ರೂ ಹೋಗಲ್ಲ. ಪ್ರತಿ ವರ್ಷ ಹಬ್ಬ ಬರ್ತೈತೆ. ಎಲ್ಲರ ಮನೇಲೂ ಗಾಡಿ ತೊಳೀತಾರೆ. ಆವತ್ತು ನಾನು ಕೋಣೆ ಬಾಗಿಲು ಹಾಕ್ಕೊಂಡು ಕೂರ್ತೀನಿ. ಯಾರು ಕರೆದರೂ ತೆಗೆಯಲ್ಲ."

"ನಾನು ಕರೆಯಲ್ಲ. ಬಾಗಿಲ ಹೊರಗೆ ಕೂತಿರ್ತೀನಿ."

ಬೆಂಚಿನ ಮೇಲಿಂದ ಯಾರೋ ಗೊಣಗಿದರು, ಒಬ್ಬನಿಗೇ ಎಷ್ಟು ರಕ್ತ ತೆಗೀತೀರವ್ವ, ನಮಗೂ ಹಸಿವು ಐತೆ ಎಂದು. ಇಬ್ಬರೂ ಅತ್ತ ನೋಡಲಿಲ್ಲ.

"ಗಾಡಿ?" ಎಂದಳು.

"ಶೆಡ್ಡಿನಾಗೈತೆ. ಆ ಭಾನುವಾರದ ಮೇಲೆ ಮುಟ್ಟಿಲ್ಲ. ನೀವು ಹೇಳಿದ್ರೆ ನಾಳೇನೇ ಕತ್ತರಿಸ್ತೀನಿ, ನನ್ನ ಕೈಯಾರೆ. ಅದಿಲ್ಲದಿದ್ರೂ ನೀವು ಬರೋದಾದ್ರೆ ಸಾಕು."

ಕಿಟಕಿಯಾಚೆ ಹೊನ್ನಾಳಿ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಡುತ್ತಿತ್ತು. ಅವನ ತೋಳಿನ ಮೇಲೆ ರಕ್ತದ ಒಂದು ಹನಿ ಮೂಡಿ, ದುಂಡಗಾಗಿ, ಹರಿಯಲೋ ಬೇಡವೋ ಎಂಬಂತೆ ನಿಂತಿತ್ತು.

"ಕತ್ತರಿಸಬ್ಯಾಡ್ರಿ. ನಾನು ಅದರ ಮೇಲೆ ಕೂರಲ್ಲ, ಯಾವತ್ತೂ. ಆದ್ರೆ ಇರಲಿ."

"ಹಂಗಾದ್ರೆ ಭಾನುವಾರ..."

"ಬಸ್ಸಿಗೆ ಬರ್ತೀನಿ."

ಅವಳು ಹತ್ತಿ ತೆಗೆದು ಆ ಹನಿಯ ಮೇಲಿಟ್ಟಳು. ಎಲ್ಲರಿಗೂ ಹೇಳುವ ಹಾಗೆ ನೀವೇ ಒತ್ತಿ ಹಿಡಿದುಕೊಳ್ಳಿ ಎನ್ನಲಿಲ್ಲ. ತಾನೇ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಅವಳ ಕಣ್ಣು ತುಂಬಿತ್ತು. ಅವನು ಅದನ್ನು ಒರೆಸಲು ಹೋಗಲಿಲ್ಲ.

"ರಕ್ತ ನಿಂತಿರಬೇಕು ಈಗ," ಎಂದ ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲಗೆ.

"ನಿಂತೈತೆ."

"ಮತ್ತೆ?"

"ಸುಮ್ಮನೆ ಕೂತ್ಕೊಳ್ರಿ."